ಕುಡಿತ ನಿಂತ ಮೊದಲ ಮೂರು ದಿನ

ನಾನು ತಾಲ್ಲೂಕು ಆಸ್ಪತ್ರೆಯೊಂದರ ಪುರುಷರ ವಾರ್ಡಿನಲ್ಲಿ ನರ್ಸ್. ಕುಡಿತಕ್ಕೆ ದಾಸರಾದವರು ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಬೇರೆ ಕಾಯಿಲೆಗೆ: ಮುರಿದ ಕಾಲು, ನಿಲ್ಲದ ವಾಂತಿ, ಕಾಮಾಲೆ. ದಾಖಲಾದೊಡನೆ ಕುಡಿತ ನಿಲ್ಲುತ್ತದೆ. ಅಪಾಯ ಶುರುವಾಗುವುದೂ ಆಗಲೇ.

ವರ್ಷಗಟ್ಟಲೆ ದಿನವೂ ಕುಡಿದವನ ಮಿದುಳು ಮದ್ಯದ ಮಂಪರಿಗೆ ಒಗ್ಗಿರುತ್ತದೆ. ಅದು ಏಕಾಏಕಿ ನಿಂತರೆ ಕೆರಳುತ್ತದೆ. ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು, ಮೂರನೇ ದಿನಕ್ಕೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಚಿಕಿತ್ಸೆ ತಡವಾದರೆ ಜೀವವೇ ಹೋಗಬಹುದು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಮದ್ಯಕ್ಕೆ ಅವಲಂಬಿತರಾದವರು ಸುಮಾರು 2.9 ಕೋಟಿ ಎಂದಿತು. ಇಂಥ ಅಪಾಯ ಹೆಚ್ಚಾಗಿ ಕಾಡುವುದು ಅವರನ್ನೇ.

‘ಕುಡಿಯುತ್ತಾರಾ?’ ಎಂದು ಕೇಳಿದರೆ ‘ಹಬ್ಬಕ್ಕೆ ಒಂದಿಷ್ಟು’ ಎನ್ನುತ್ತಾರೆ. ಅದಕ್ಕೇ ನಾನು ಹೆಂಡತಿಯನ್ನೋ ತಾಯಿಯನ್ನೋ ಪಕ್ಕಕ್ಕೆ ಕರೆದು ಬೇರೆ ರೀತಿ ಕೇಳುತ್ತೇನೆ: ಬೆಳಿಗ್ಗೆ ಎದ್ದ ಕೂಡಲೇ ನೈಂಟಿ ಬೇಕೇ? ಕುಡಿಯದಿದ್ದರೆ ಕೈ ನಡುಗುತ್ತದೆಯೇ? ಕೊನೆಯ ಸಲ ಕುಡಿದದ್ದು ಯಾವಾಗ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ? ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆದು ಡಾಕ್ಟರಿಗೆ ಕೂಡಲೇ ತಿಳಿಸುತ್ತೇನೆ. ರೋಗಿಗೆ ಎರಡೂ ಕೈ ಮುಂದೆ ಚಾಚಿ ಬೆರಳು ಅಗಲಿಸಲು ಹೇಳಿದರೆ ನಡುಕ ಬಚ್ಚಿಡಲಾಗದು.

ಮರದಿಂದ ಬಿದ್ದು ಕಾಲು ಮುರಿದುಕೊಂಡವರೊಬ್ಬರು ಎರಡನೇ ರಾತ್ರಿ ಹೊದಿಕೆಯಿಂದ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು. ‘ಸಿಸ್ಟರ್, ಏನೋ ಮೆಟ್ಟಿಕೊಂಡಿದೆ, ಊರಿಗೆ ಕರೆದುಕೊಂಡು ಹೋಗುತ್ತೇವೆ’ ಎಂದು ಅವರ ಅಣ್ಣ ಹಟ ಹಿಡಿದರು. ನಾಡಿ ಓಡುತ್ತಿತ್ತು, ಮೈ ಕಾದಿತ್ತು. ಡ್ಯೂಟಿ ಡಾಕ್ಟರು ಬಂದು ಕೆರಳಿದ ಮಿದುಳನ್ನು ಶಾಂತಗೊಳಿಸುವ ಲೊರಾಜೆಪಾಮ್ ಔಷಧ ಕೊಟ್ಟರು. ದೀಪ ಆರಿಸದೆ, ಪರಿಚಿತ ಮುಖವೊಂದು ಎದುರಿಗಿರುವಂತೆ ನೋಡಿಕೊಂಡೆವು. ಅವರು ತಿಳಿಯಾಗಲು ಕೆಲವು ದಿನ ಹಿಡಿಯಿತು.

ಇಂಥವರಿಗೆ ಬರೀ ಗ್ಲೂಕೋಸ್ ಏರಿಸಿ ಸುಮ್ಮನಿರಬಾರದು. ದೇಹದಲ್ಲಿ ಅಳಿದುಳಿದ ಬಿ1 ಜೀವಸತ್ವವೂ ಅದಕ್ಕೆ ಖರ್ಚಾಗಿ, ನಡಿಗೆಗೂ ನೆನಪಿಗೂ ಶಾಶ್ವತ ಪೆಟ್ಟು ಬೀಳಬಹುದು. ಆದ್ದರಿಂದ ಥಯಾಮಿನ್, ಅಂದರೆ ಅದೇ ಬಿ1ರ, ಇಂಜೆಕ್ಷನ್ ಮೊದಲೇ ಬೀಳಬೇಕು. ಈ ಒಂದು ವಿಷಯದಲ್ಲಿ ನಾನು ಯಾರ ಹತ್ತಿರವಾದರೂ ಜಗಳಕ್ಕೆ ನಿಲ್ಲುತ್ತೇನೆ.

ಇನ್ನೊಂದು ಮಾತನ್ನು ಮನೆಯವರಿಗೆ ಕೈ ಹಿಡಿದು ಹೇಳುತ್ತೇನೆ. ‘ಕುಡಿತ ಬಿಡಿಸುವ ಪುಡಿ’ಯನ್ನು ಗೊತ್ತಾಗದಂತೆ ಸಾರಿಗೆ ಬೆರೆಸಬೇಡಿ. ಅದರಲ್ಲಿ ಏನಿದೆಯೋ ಬಲ್ಲವರಿಲ್ಲ. ಮದ್ಯ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಎಂಬ ಔಷಧ ಇದ್ದರಂತೂ ಅದರ ಮೇಲೆ ಕುಡಿದವನ ರಕ್ತದೊತ್ತಡ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ಆ ಮಾತ್ರೆ ಕೊಡುವುದು ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದ ಮೇಲೆ ಮಾತ್ರ.

ದಿನವೂ ಕುಡಿಯುವವನು ‘ನಾಳೆಯಿಂದ ಬಿಟ್ಟೆ’ ಎಂದರೆ ಕೋಣೆಯಲ್ಲಿ ಕೂಡಿಹಾಕಬೇಡಿ, ಅಂದೇ ಆಸ್ಪತ್ರೆಗೆ ಕರೆತನ್ನಿ. ಯಾರನ್ನು ಕೇಳುವುದೆಂದು ತೋಚದಿದ್ದರೆ ವ್ಯಸನಮುಕ್ತಿಗೆಂದೇ ಇರುವ 14446 ಉಚಿತ ಸಹಾಯವಾಣಿಗೆ ಕರೆ ಮಾಡಿ.