ಬ್ರಿಟಿಷ್ ಕಾಲದ ಕೆಜಿ ಬಟ್ಟು

ಗುಜರಿ ಸಾಮಾನು ಮಾರುವವರ ಬಾಯಲ್ಲಿ ಎಲ್ಲವೂ ಬ್ರಿಟಿಷ್ ಕಾಲದ್ದೇ. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಒಮ್ಮೆ ತುಕ್ಕು ಹಿಡಿದ ಒಂದು ಕೆಜಿ ತೂಕದ ಬಟ್ಟನ್ನು ಕೈಗೆತ್ತಿಕೊಂಡೆ. "ಬ್ರಿಟಿಷ್ ಟೈಮಿಂದು ಸಾರ್, ಐನೂರು ಕೊಡಿ" ಅಂದ. "ಬ್ರಿಟಿಷರ ಕಾಲದಲ್ಲಿ ಕೆಜಿ ಎಲ್ಲಿತ್ತಪ್ಪ? ಆಗ ಸೇರು, ಮಣ ಅಲ್ವಾ?" ಅಂದೆ. ಸ್ವಲ್ಪವೂ ನಾಚದೆ ನಕ್ಕು, "ಹಂಗಾದ್ರೆ ನೂರೈವತ್ತು ಕೊಡಿ" ಅಂದ. ತಗೊಂಡೆ.

ಹಳೇ ಸಾಮಾನು ಕೂಡಿಸುವ ಈ ಹವ್ಯಾಸದಲ್ಲಿ ನನಗೆ ಖುಷಿ ಕೊಡುವುದು ಇದೇ. ಮನೆಗೆ ತಂದ ತುಕ್ಕಿನ ಮುದ್ದೆ ಏನು, ಎಲ್ಲಿಯದು, ಯಾವ ಕಾಲದ್ದು ಅಂತ ಅದರ ಮೈಮೇಲಿನ ಗುರುತುಗಳಿಂದಲೇ ಪತ್ತೆ ಮಾಡುವುದು. ಹೊಳಪು ಕೊಟ್ಟು ಶೋಕೇಸಿನಲ್ಲಿ ಇಡುವುದರಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ.

ತೂಕದ ಬಟ್ಟಿನ ವಿಷಯಕ್ಕೇ ಬರೋಣ. ನಮ್ಮಲ್ಲಿ ಮೆಟ್ರಿಕ್ ತೂಕದ ಕಾಯ್ದೆ ಆಗಿದ್ದು 1956ರಲ್ಲಿ. ಅದು ಹಂತ ಹಂತವಾಗಿ ಜಾರಿಗೆ ಬಂದಿದ್ದು 1958ರಿಂದ. ಹಾಗಾಗಿ ಕೆಜಿ, ಗ್ರಾಂ ಅಂತ ಇದ್ದರೆ ಅದಕ್ಕಿಂತ ಹಳೆಯದಲ್ಲ. ಸೇರು, ತೊಲ ಅಂತ ಇದ್ದರೆ ಹಳೆಯದು. 80 ತೊಲದ ಸೇರು ಅಂದರೆ ಸುಮಾರು 933 ಗ್ರಾಂ. ಹಳೇ ಮೈಸೂರು ಕಡೆ 24 ತೊಲದ ಕಚ್ಚಾ ಸೇರೂ ಇತ್ತು, ಅದಕ್ಕೇ ಹಳಬರು ಸೇರಿನ ಲೆಕ್ಕ ಹೇಳಿದರೆ "ಯಾವ ಸೇರು?" ಅಂತ ಕೇಳಬೇಕು.

ಕಬ್ಬಿಣದ ಬಟ್ಟನ್ನು ಬೋರಲು ಹಾಕಿ ನೋಡಿ. ಅಡಿಯಲ್ಲಿ ಒಂದು ಕುಳಿ, ಅದರ ತುಂಬ ಸೀಸ. ತೂಕ ಹೆಚ್ಚು ಕಡಿಮೆ ಇದ್ದರೆ ಅಲ್ಲಿ ಸೀಸ ಕೆರೆದೋ ತುಂಬಿಯೋ ಸರಿಮಾಡುತ್ತಿದ್ದರು. ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಮುದ್ರೆ ಒತ್ತುತ್ತಿದ್ದುದೂ ಆ ಮೆತ್ತನೆಯ ಸೀಸದ ಮೇಲೇ. ವರ್ಷದ ಕೊನೆಯ ಎರಡು ಅಂಕಿ, ಜೊತೆಗೆ ಮೂರು ತಿಂಗಳಿಗೊಂದರಂತೆ ಎ, ಬಿ, ಸಿ, ಡಿ ಅಕ್ಷರ. ನನ್ನ ಬಟ್ಟಿನ ಸೀಸದಲ್ಲಿ ಮುದ್ರೆ ಮೇಲೆ ಮುದ್ರೆ ಬಿದ್ದು ಗಲೀಜಾಗಿದೆ. ಓರೆಯಾಗಿ ಟಾರ್ಚ್ ಬಿಟ್ಟು, ಭೂತಗನ್ನಡಿ ಹಿಡಿದು ನೋಡಿದಾಗ ಒಂದು ಕಡೆ 63, ಅದರ ಮೇಲೆ ಅಡ್ಡಾದಿಡ್ಡಿ 71, ಅಂಚಿನಲ್ಲಿ 80 ಕಂಡಿತು. ಯಾವುದೋ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಅಷ್ಟು ವರ್ಷ ಬೇಳೆ, ಬೆಲ್ಲ ತೂಗಿದೆ. ಇಂಥದ್ದನ್ನು ಉಪ್ಪು ಕಾಗದದಲ್ಲಿ ತಿಕ್ಕಿದರೆ ಮೊದಲು ಹೋಗುವುದೇ ಆ ಮುದ್ರೆ. ಒಣ ಬ್ರಷ್ ಹಾಕಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಬಿಟ್ಟೆ. ಸೀಸ ಮುಟ್ಟಿದ ಮೇಲೆ ಕೈಗೆ ಸೋಪು ಹಾಕುವುದು ಮರೆಯಬೇಡಿ.

ಲಾಟೀನು ಕೊಳ್ಳುವಾಗ ನಾನು ಮೊದಲು ನೋಡುವುದು ಎಣ್ಣೆ ಟ್ಯಾಂಕಿನ ತಳ. ಸೀಮೆಎಣ್ಣೆಯಲ್ಲಿ ಸೇರಿದ ನೀರು ಭಾರವಾಗಿ ಕೆಳಗೆ ಕೂರುತ್ತದೆ, ತುಕ್ಕು ಅಲ್ಲಿಂದ ಶುರು. ಹೆಬ್ಬೆರಳಲ್ಲಿ ಒತ್ತಿದರೆ ತಳ ಒಳಗೆ ಹೋಗುತ್ತಿದ್ದರೆ ಅದು ನೋಡೋದಕ್ಕೆ ಮಾತ್ರ. ಎರಡೂ ಪಕ್ಕದ ಕೊಳವೆಗಳಲ್ಲಿ ತೂತಿದೆಯಾ ನೋಡಿ. ಬತ್ತಿಗೆ ಗಾಳಿ ಬರುವುದು ಅವುಗಳ ಮೂಲಕ, ತೂತಿದ್ದರೆ ಗಾಜು ಬೇಗ ಮಸಿ ಹಿಡಿಯುತ್ತದೆ. ತಯಾರಿಸಿದ ಕಂಪನಿಯ ಹೆಸರು ಸಾಮಾನ್ಯವಾಗಿ ಟ್ಯಾಂಕಿನ ಮೇಲೋ ಗಾಜಿನ ಮೇಲೋ ಇರುತ್ತದೆ. ಅಮೆರಿಕದ ಡೀಟ್ಸ್, ಜರ್ಮನಿಯ ಫೊಯರ್‌ಹ್ಯಾಂಡ್ ಸಿಕ್ಕರೆ ಅದೃಷ್ಟ. ನನಗೆ ಇಷ್ಟವಾದದ್ದು ಮಹಾರಾಷ್ಟ್ರದ ಕರಾಡ್ ಹತ್ತಿರದ ಓಗಲೆವಾಡಿಯಲ್ಲಿ ತಯಾರಾಗುತ್ತಿದ್ದ ಪ್ರಭಾತ್.

ತುಕ್ಕು ತೆಗೆಯುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಅಡಕತ್ತರಿ, ಬೀಗ, ಈಳಿಗೆಯಂಥ ದಪ್ಪ ಕಬ್ಬಿಣಕ್ಕೆ ನಾನು ಮಾಡುವುದು ಇಷ್ಟು. ಪ್ಲಾಸ್ಟಿಕ್ ಬಕೆಟ್ ತುಂಬ ನೀರು, ಅದಕ್ಕೆ ಎರಡು ಮೂರು ಚಮಚ ವಾಷಿಂಗ್ ಸೋಡಾ. ಹನ್ನೆರಡು ವೋಲ್ಟ್ ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ನಮ್ಮ ಸಾಮಾನಿಗೆ, ಪಾಸಿಟಿವ್ ತಂತಿ ಒಂದು ಬೇಡದ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ತಂತಿ ಅದಲು ಬದಲಾದರೆ ಕರಗುವುದು ನಮ್ಮ ಸಾಮಾನೇ. ಹೈಡ್ರೋಜನ್ ಗುಳ್ಳೆ ಏಳುತ್ತದೆ, ಹಾಗಾಗಿ ಮನೆಯೊಳಗೆ ಬೇಡ. ಬೇಡದ ತುಂಡು ಅಂತ ಸ್ಟೀಲ್ ಚಮಚ ಹಾಕಬೇಡಿ, ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ರಾತ್ರಿ ಕಳೆದು ತೆಗೆದರೆ ತುಕ್ಕು ಕಪ್ಪು ಪುಡಿಯಾಗಿ ಬ್ರಷ್ಷಿಗೆ ಬರುತ್ತದೆ. ತೊಳೆದ ಕೂಡಲೇ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಒಣಗಿಸಿ ಎಣ್ಣೆ ಸವರಬೇಕು. ಕಾಫಿ ಕುಡಿದು ಬಂದು ಮಾಡ್ತೀನಿ ಅಂದರೆ ಅಷ್ಟರಲ್ಲಿ ಹೊಸ ತುಕ್ಕು ಬಂದಿರುತ್ತದೆ.

ಹಿತ್ತಾಳೆಗೆ ಹುಣಸೆಹಣ್ಣು ಸಾಕು. ಹಳೇ ಪೇಂಟ್ ಇದ್ದರೆ ಒಣದಾಗಿ ಉಜ್ಜಬೇಡಿ, ಅದರಲ್ಲಿ ಸೀಸ ಇರಬಹುದು.

ದೇವಸ್ಥಾನದ ದೀಪ, ಗಂಟೆ, ವಿಗ್ರಹ ಎಷ್ಟೇ ಅಗ್ಗಕ್ಕೆ ಬಂದರೂ ನಾನು ಮುಟ್ಟುವುದಿಲ್ಲ. ಎಲ್ಲಿಂದ ಬಂತು ಅಂತ ಮಾರುವವನಿಗೂ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಇದೆ. ಮಣಿಪಾಲದ ಹಸ್ತಶಿಲ್ಪ ಎಂಬ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಇಡೀ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸಿದರು. ನನಗಿರುವುದು ಒಂದು ಬಾಲ್ಕನಿ. ಅದಕ್ಕೇ ಅಡುಗೆಮನೆ, ಅಂಗಡಿ ಸಾಮಾನು ಬಿಟ್ಟು ಬೇರೆ ಬೇಡ ಅಂತ ಗೆರೆ ಎಳೆದುಕೊಂಡಿದ್ದೇನೆ.

ಈಚೆಗೆ ಸಿಕ್ಕಿದ್ದು ಒಂದು ಪಂಪ್ ಸ್ಟೌ. ಸ್ವೀಡನ್ನಿನಲ್ಲಿ 1892ರಲ್ಲಿ ಶುರುವಾದ ಪ್ರೈಮಸ್ ಮಾದರಿಯದು. ಹಿತ್ತಾಳೆ ಟ್ಯಾಂಕು ಗಟ್ಟಿಯಿತ್ತು, ಪಂಪು ಮಾತ್ರ ಗಾಳಿ ಹಿಡಿಯುತ್ತಿರಲಿಲ್ಲ. ಬಿಚ್ಚಿದರೆ ಒಳಗಿನ ಚರ್ಮದ ವಾಷರು ಒಣಗಿ ಮುದುಡಿ ಹಪ್ಪಳವಾಗಿತ್ತು. ಹರಳೆಣ್ಣೆಯಲ್ಲಿ ನೆನೆಹಾಕಿದೆ. ಮೆತ್ತಗಾದ ಮೇಲೆ ಅಂಚನ್ನು ಬೆರಳಲ್ಲಿ ಅಗಲಿಸಿ ಹಾಕಿದೆ, ಪಂಪು ಬಿಗಿಯಾಯಿತು. ಸೀಮೆಎಣ್ಣೆ ಹೊಂದಿಸುವುದೇ ದೊಡ್ಡ ಕೆಲಸವಾಯಿತು. ಬರ್ನರಿನ ತೂತು ಬಿಡಿಸುವ ಸ್ಟೌ ಪಿನ್ನು ಅಮ್ಮನ ಹೊಲಿಗೆ ಡಬ್ಬಿಯಲ್ಲೇ ಇತ್ತು, ಇಷ್ಟು ವರ್ಷ ಯಾಕೆ ಇಟ್ಟುಕೊಂಡಿದ್ದರೋ.

ಟೆರೇಸಿಗೆ ಒಯ್ದು ಹಚ್ಚಿದೆ. ಮೊದಲು ಹಳದಿ ಜ್ವಾಲೆ, ಆಮೇಲೆ ನೀಲಿ, ಜೊತೆಗೆ ಆ ಭರ್‌ ಸದ್ದು. ನನಗೆ ಖುಷಿಯೋ ಖುಷಿ. ಸದ್ದು ಕೇಳಿ ಅಮ್ಮ ಮೆಟ್ಟಿಲು ಹತ್ತಿ ಬಂದರು. ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದರು.

"ಆರಿಸೋ ಮಾರಾಯ. ಈ ಸದ್ದು ತಡೀಲಾರದೇ ಅಲ್ವಾ ನಾವು ಗ್ಯಾಸ್ ತಗೊಂಡಿದ್ದು?"