ಡ್ರಮ್ಸ್ ತೆಗೆದ ಮೇಲೆ ನಿಂತ ಹಾಡು

"ಬೀಟ್ ಇಲ್ಲದ ಹಾಡಿಗೆ ದುಡ್ಡು ಸುರಿಯೋದು ಅಂದ್ರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಸಾರ್." ಗಾಯಕಿಯ ಮ್ಯಾನೇಜರ್ ನನ್ನ ಸ್ಟುಡಿಯೋದಲ್ಲಿ ಕಾಫಿ ಕುಡಿಯುತ್ತಾ ಹೇಳಿದ ಮಾತು ಇದು. ಈಗ ಅವರೇ ಫೋನ್ ಮಾಡಿ "ಅಂಥದ್ದೇ ಇನ್ನೊಂದು" ಅನ್ನುತ್ತಾರೆ. ಅದಕ್ಕೇ ಆ ಹಾಡು ರೆಕಾರ್ಡ್ ಮಾಡಿದ ಕಥೆ ಬರೆಯುತ್ತಿದ್ದೇನೆ. ಆಕೆಯ ಹೆಸರು ಬೇಡ. ಕಾಲೇಜು ಫೆಸ್ಟ್‌ಗಳಲ್ಲಿ ಕುಣಿಸಿ ಹೆಸರು ಮಾಡಿದವಳು. ನಿಧಾನದ ಹಾಡನ್ನು ಅವಳಿಂದ ಯಾರೂ ಕೇಳಿರಲಿಲ್ಲ, ಕೇಳುವ ಆಸೆಯೂ ಯಾರಿಗೂ ಇದ್ದಂತಿರಲಿಲ್ಲ.

ಮೊದಲು ನಾನು ಮಾಡಿದ ದಡ್ಡತನ. ಮ್ಯಾನೇಜರ್ ಮಾತಿಗೆ ಹೆದರಿ 74 ಬಿಪಿಎಂ (ನಿಮಿಷಕ್ಕೆ 74 ಬೀಟ್) ಇಟ್ಟೆ, ಎರಡನೇ ಪಲ್ಲವಿಗೆ ಡ್ರಮ್ಸ್ ಇಳಿಸಿದೆ, ನಾಲ್ವರು ವಯಲಿನ್‌ನವರನ್ನು ಕರೆಸಿ ಒಂದರ ಮೇಲೊಂದು ನಾಲ್ಕು ಸಲ ನುಡಿಸಿಸಿದೆ. ಕೇಳಿದರೆ ಹದಿನಾರು ಜನ ಕೂತಂತೆ ಭರ್ಜರಿ. ವಾದ್ಯದವರಿಗೆ, ಹೊರಗಿನ ಸ್ಟುಡಿಯೋ ಬಾಡಿಗೆಗೆ, ಮಿಕ್ಸಿಂಗಿಗೆ ಎಲ್ಲ ಸೇರಿ ಒಂದು ಲಕ್ಷ ಹತ್ತು ಸಾವಿರದ ಹತ್ತಿರ ಹೋಯಿತು. ನೈಸ್ ರೋಡಿನಲ್ಲಿ ಕಾರಿನಲ್ಲಿ ಹಾಕಿ ಕೇಳಿಸಿದೆ. ಟೋಲ್ ದಾಟುವವರೆಗೂ ಅವಳು ಮಾತಾಡಲಿಲ್ಲ. ಆಮೇಲೆ, "ಅಣ್ಣಾ, ಇದರಲ್ಲಿ ನಾನು ಎಲ್ಲಿದ್ದೀನಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಾಹಿತ್ಯ ಕೈಗೆ ಬಂದ ದಿನ ರಾಗ ಮರೆಯಬಾರದೆಂದು ಮನೆಯಲ್ಲೇ ಒಂದು ಸ್ಕ್ರ್ಯಾಚ್, ಅಂದರೆ ಕಚ್ಚಾ ರೆಕಾರ್ಡಿಂಗ್, ತೆಗೆದಿದ್ದೆವು. ತಾಳ ಹಿಡಿಯುವ ಕ್ಲಿಕ್ ಸದ್ದೂ ಇಲ್ಲ, ನಾನು ಕೀಬೋರ್ಡ್, ಅವಳು ನೆಲದ ಮೇಲೆ ಕೂತು. ಬೀದಿಯಲ್ಲಿ ಗಣೇಶನ ಪೆಂಡಾಲು, ಹಿಂದೆ ಸಣ್ಣಗೆ ಮೈಕಿನ ಸದ್ದು. ಕಾರಿನಿಂದ ಇಳಿದ ರಾತ್ರಿ ಅದನ್ನೇ ಹಾಕಿ ಕೇಳಿದೆ. ಹಾಡು ಅಲ್ಲೇ ಇತ್ತು.

ಇಂಗ್ಲಿಷ್ ಗಾಯಕಿ ಅಡೆಲ್ ಅವರ 'ಸಮ್‌ಒನ್ ಲೈಕ್ ಯೂ' ಕಥೆ ನಿಮಗೆಲ್ಲ ಗೊತ್ತೇ ಇರುತ್ತೆ. ಜತೆಗೆ ಹಾಡು ಬರೆದ ಡ್ಯಾನ್ ವಿಲ್ಸನ್ ಪಿಯಾನೊ ನುಡಿಸಿ ತೆಗೆದ ಡೆಮೋವೇ ಆಲ್ಬಮ್ಮಿಗೆ ಹೋಯಿತು. 2011ರ ಬ್ರಿಟ್ ಅವಾರ್ಡ್ಸ್‌ನಲ್ಲಿ ಬರೀ ಪಿಯಾನೊ ಜತೆ ಹಾಡಿದ ಮೇಲೆ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹಾಟ್ 100 ಪಟ್ಟಿಯಲ್ಲೂ ಮೊದಲನೆಯದು. ಇದನ್ನು ಹೇಳಿದರೆ ಮ್ಯಾನೇಜರ್, "ಅದು ಲಂಡನ್ನು ಸಾರ್" ಅಂದರು. ಸರಿ, ಕಾಳಿಂಗರಾಯರು, ಅನಂತಸ್ವಾಮಿ, ಅಶ್ವತ್ಥ್ ಇವರೆಲ್ಲ ಲಂಡನ್ನಿನವರಾ? ಹಾರ್ಮೋನಿಯಂ, ತಬಲಾ ಇಟ್ಟುಕೊಂಡೇ ಸಭೆ ಕಟ್ಟಿಹಾಕಿದವರಲ್ಲವಾ ಅಂದೆ. ಆ ಮಾತಿಗೆ ಸುಮ್ಮನಾದರು, ಒಪ್ಪಿದ್ದೇನೂ ಇಲ್ಲ.

ಸ್ಕ್ರ್ಯಾಚನ್ನೇ ಬಿಡುಗಡೆ ಮಾಡೋಣ ಅಂದರೆ ಪೆಂಡಾಲಿನ ಮೈಕು ಬಿಡಲಿಲ್ಲ. ಹೊಸದಾಗಿ ತೆಗೆದೆವು, ಕ್ರಮ ಮಾತ್ರ ತಿರುವುಮುರುವು. ಮೊದಲು ದನಿ, ಆಮೇಲೆ ಪಿಯಾನೊ. ಅವಳ ಹೆಡ್‌ಫೋನಿನಲ್ಲಿ ಒಂದು ಷಡ್ಜ ಬಿಟ್ಟು ಏನೂ ಇಲ್ಲ. ಅವಳು ಎಲ್ಲಿ ಉಸಿರೆಳೆಯುತ್ತಾಳೋ ಅಲ್ಲಿ ನಾನು ಕಾಯಬೇಕು. ಶ್ರುತಿ ಒಂದೂವರೆ ಮನೆ ಇಳಿಸಿದ್ದು ಎಲ್ಲಕ್ಕಿಂತ ದೊಡ್ಡ ಲಾಭ. ಫೆಸ್ಟ್ ಹಾಡುಗಳಲ್ಲಿ ಮೇಲೆ ಕಿರುಚಿ ಅಭ್ಯಾಸವಾದ ಗಂಟಲಿಗೆ ಕೆಳಗಿನ ಪಂಚಮದಲ್ಲಿ ಅಷ್ಟು ಬಣ್ಣ ಇದೆ ಅಂತ ಅವಳಿಗೇ ಗೊತ್ತಿರಲಿಲ್ಲ. ಹಗಲು ಪಕ್ಕದ ಮನೆಯ ಕುಕ್ಕರ್, ಸಂಜೆ ಕೋಗಿಲೆ. ಹಾಗಾಗಿ ರಾತ್ರಿ ಎರಡರ ಮೇಲೆ, ಮೂರು ರಜಾಯಿ ನೇತುಹಾಕಿಕೊಂಡು. ಹನ್ನೊಂದೋ ಹನ್ನೆರಡೋ ಟೇಕ್. ಉಳಿಸಿಕೊಂಡದ್ದು ನಾಲ್ಕನೆಯದು. ಪಿಚ್ ತಿದ್ದಿದ್ದು ಎರಡೇ ಕಡೆ. ಎಲ್ಲಿ ಅಂತ ಹುಡುಕಿ ನೋಡಿ, ಸಿಗಲ್ಲ.

ನಡುವೆ ಕೆಲವು ಹುಚ್ಚಾಟ ಆಡಿದೆ. ಹಾರ್ಮೋನಿಯಂ ಅನ್ನು ಬಟ್ಟೆ ತುಂಬಿದ ಬೀರುವಿನೊಳಗಿಟ್ಟು ಬಾಗಿಲು ಅರ್ಧ ಮುಚ್ಚಿ ರೆಕಾರ್ಡ್ ಮಾಡಿದೆ. ದನಿ ಚೆನ್ನಾಗಿಯೇ ಬಂತು, ಆದರೆ ಭಜನೆ ಮನೆಯ ನೆನಪು ತರುತ್ತಿತ್ತು, ತೆಗೆದೆ. ತಂಬೂರಿಯನ್ನು ಕೇಳೀತೋ ಇಲ್ಲವೋ ಅನ್ನುವಷ್ಟು ಕೆಳಗಿಟ್ಟೆ, ಅದು ಈಗಲೂ ಇದೆ. ಕೊನೆಯ ಪಲ್ಲವಿಯಲ್ಲಿ ದನಿಯ ಹಿಂದೆ ಇನ್ನೊಂದು ದನಿ ಇದ್ದ ಹಾಗೆ ಅನ್ನಿಸುತ್ತಲ್ಲ, ತುಂಬ ಜನ ಯಾವ ಪ್ಲಗಿನ್ (ದನಿ ಬದಲಿಸುವ ಸಾಫ್ಟ್‌ವೇರ್) ಅಂತ ಕೇಳಿದ್ದೀರಿ. ಪ್ಲಗಿನ್ ಅಲ್ಲ. ಅಷ್ಟು ಸಾಕು.

ಪೀಠಿಕೆ ಸಂಗೀತ 38 ಸೆಕೆಂಡ್ ಇತ್ತು, ನನಗೆ ಬಹಳ ಪ್ರೀತಿಯದು. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ತಾನೇ ಒಂದು ಸಲ ಕೇಳಿದ ಲೆಕ್ಕ? ಅಷ್ಟರೊಳಗೆ ಅವಳು ಬಾಯಿ ತೆರೆಯದಿದ್ದರೆ ಜನ ಮುಂದಿನ ಹಾಡಿಗೆ ಹೋಗುತ್ತಾರೆ. ಕಣ್ಣುಮುಚ್ಚಿ ಆರು ಸೆಕೆಂಡಿಗೆ ಕತ್ತರಿಸಿದೆ. ಬಿಡುಗಡೆಗೆ ಮುಂಚೆ ಕೊನೆಯದಾಗಿ ಸದ್ದು ಹದ ಮಾಡುವ ಮಾಸ್ಟರಿಂಗಿನಲ್ಲೂ ಒಮ್ಮೆ ಎಡವಿದೆ. ಹಾಡು ಮೆತ್ತಗಿದೆ ಅನ್ನುವ ಗಲಾಟೆಗೆ ಮಣಿದು ಮೈನಸ್ 8 ಎಲ್‌ಯುಎಫ್‌ಎಸ್‌ವರೆಗೆ (ಸದ್ದಿನ ಜೋರಿನ ಅಳತೆ) ಒತ್ತಿದೆ. ಯೂಟ್ಯೂಬ್ ಅದನ್ನು ಹೇಗೂ ಮೈನಸ್ 14ಕ್ಕೆ ಇಳಿಸುತ್ತೆ. ಜೋರೂ ಸಿಗಲಿಲ್ಲ, ಅವಳ ಉಸಿರೂ ಸತ್ತಿತು. ವಾಪಸ್ ತಂದು ಮತ್ತೆ ಮಾಡಿದೆ.

ಬಿಡುಗಡೆಯಾಗಿ ಮೂರು ವಾರಕ್ಕೆ ನಾಲ್ಕು ಸಾವಿರ ಚಿಲ್ಲರೆ ವ್ಯೂಸ್. ಅದರಲ್ಲಿ ನಮ್ಮ ನೆಂಟರೇ ಎಷ್ಟೋ. ಮ್ಯಾನೇಜರ್ ಹುಣಸೆಹಣ್ಣಿನ ಮಾತು ಮತ್ತೆ ತೆಗೆದರು. ಅಷ್ಟರಲ್ಲಿ ಹಾಸನದ ಕಡೆಯ ಒಬ್ಬ ಮದುವೆ ವಿಡಿಯೋ ಹುಡುಗ ಎರಡನೇ ಚರಣವನ್ನು ಹೆಣ್ಣು ಒಪ್ಪಿಸುವ ಶಾಸ್ತ್ರದ ದೃಶ್ಯಕ್ಕೆ ಹಾಕಿದ. ನಮ್ಮದು ಬ್ರೇಕಪ್ ಹಾಡು ಕಣ್ರೀ! ಆ ಚರಣದಲ್ಲಿ 'ಹೊಸ್ತಿಲು' ಅನ್ನುವ ಒಂದು ಪದ ಇದೆ, ಅಷ್ಟೇ. ಆ ಒಂದು ಪದಕ್ಕೆ ಪ್ರೇಮಿ ಹೋಗಿ ಮಗಳು ಬಂದಳು. ಮಂಡ್ಯ, ತುಮಕೂರು, ಆಮೇಲೆ ಎಲ್ಲಿ ನೋಡಿದರೂ ಅಪ್ಪಂದಿರು ಕಣ್ಣೊರೆಸಿಕೊಳ್ಳುವ ರೀಲ್ಸ್. ಸಾಹಿತ್ಯ ಬರೆದ ಗುರುಗಳು, "ನಾನು ಬರೆದದ್ದು ಇದಲ್ಲ" ಅಂತ ಒಂದು ತಿಂಗಳು ಮುನಿಸಿಕೊಂಡಿದ್ದರು. ಅವರ ಸೊಸೆಯ ತಂಗಿಯ ಮದುವೆಯಲ್ಲೂ ಅದೇ ಬಾರಿಸಿದ ಮೇಲೆ ಸರಿಹೋದರು. ಮದುವೆ ವಿಡಿಯೋಗಳನ್ನು ಕಂಟೆಂಟ್ ಐಡಿ (ಹಾಡು ಯಾರದ್ದು ಅಂತ ಯೂಟ್ಯೂಬ್ ಗುರುತಿಸುವ ವ್ಯವಸ್ಥೆ) ಹಾಕಿ ಬ್ಲಾಕ್ ಮಾಡಿಸೋಣ ಅಂತ ಒಂದು ಸಲಹೆ ಬಂದಿತ್ತು. ನಾನು ಬೇಡ ಅಂದೆ, ಜಾಹೀರಾತಿನ ಹಣ ಮಾತ್ರ ನಮಗೆ ಬರುವ ಹಾಗೆ ಇಟ್ಟೆವು. ಅದೊಂದು ತೀರ್ಮಾನ ತಪ್ಪಿದ್ದರೆ ಹಾಡು ಅಲ್ಲಿಗೇ ಮಲಗುತ್ತಿತ್ತು.

ಲೆಕ್ಕ: ಎರಡನೇ ಸಲದ ಖರ್ಚು ಹದಿನೆಂಟು ಸಾವಿರದೊಳಗೆ, ಅದರಲ್ಲೂ ಅರ್ಧ ಪಿಯಾನೊ ಇದ್ದ ಹಾಲ್‌ನ ಬಾಡಿಗೆ. ಸ್ಟ್ರೀಮಿಂಗಿನಿಂದ ಇಲ್ಲಿಯವರೆಗೆ ಅರವತ್ತೋ ಅರವತ್ತೈದೋ ಸಾವಿರ ಬಂದಿರಬಹುದು. ಅಂದರೆ ವಯಲಿನ್ ಸಾಲ ಇನ್ನೂ ಹಾಡಿನಿಂದ ತೀರಿಲ್ಲ, ತೀರಿಸಿದ್ದು ಶೋಗಳು. ಡ್ರಮ್ಮರ್‌ಗೆ ಮೊದಲ ವರ್ಷನ್ನಿನ ಎಂಟು ಸಾವಿರ ಪೂರ್ತಿ ಕೊಟ್ಟೆ, ನುಡಿಸಿದ್ದೊಂದೂ ಬಳಸದಿದ್ದರೂ. ಈಗ ಸ್ಟೇಜಿನಲ್ಲಿ ಈ ಹಾಡು ಬಂದಾಗ ಅವನು ಕೋಲು ಕೆಳಗಿಟ್ಟು ಹಿಂದೆ ಚಹಾ ಕುಡಿಯಲು ಹೋಗುತ್ತಾನೆ. ಮೊನ್ನೆ ಕುಣಿಗಲ್‌ನಲ್ಲಿ ಒನ್ಸ್ ಮೋರ್ ಬಿತ್ತು, ಪಾಪ, ಎರಡನೇ ಲೋಟ ಹುಡುಕಿಕೊಂಡು ಹೋದ.