ರೋಬೋ ಹೆಲ್ಮೆಟ್ ಮಾಡುವವರಿಗೆ: ಮೊದಲು ಗಾಳಿ, ಆಮೇಲೆ ಲೈಟು

ವೇಷಕ್ಕೆ ಹಾಕಿಕೊಳ್ಳುವ ರೋಬೋ ಹೆಲ್ಮೆಟ್ ಅನ್ನು ಮನೆಯಲ್ಲೇ ಮಾಡಲು ಹೊರಟಿದ್ದೀರಾ? ನೇರವಾಗಿ ಫೋಮ್ ಕತ್ತರಿಸಬೇಡಿ. ಮೊದಲು ರಟ್ಟಿನಲ್ಲಿ ಒಂದು ಮಾದರಿ ಮಾಡಿ, ಹಾಕಿಕೊಂಡು ಕತ್ತು ತಿರುಗಿಸಿ ನೋಡಿ. ಒಳಗೆ ಸ್ಪಾಂಜ್ ಕೂರಿಸಬೇಕಲ್ವಾ, ಅದಕ್ಕೆ ಸುತ್ತಲೂ ಎರಡು ಸೆಂಟಿಮೀಟರ್ ಜಾಗ ಬಿಡಿ. ಕನ್ನಡಕ ಹಾಕುವವರು ಅದನ್ನು ಹಾಕಿಕೊಂಡೇ ಅಳತೆ ತೆಗೆಯಿರಿ. ತಲೆ ತೂರದಿದ್ದರೆ ಹಿಂಭಾಗವನ್ನು ಬಾಗಿಲಿನ ಹಾಗೆ ಮಾಡಿ ವೆಲ್ಕ್ರೋ ಅಂಟಿಸಿ.

ಹೊರಮೈಗೆ 5 ಅಥವಾ 6 ಮಿಲಿಮೀಟರ್ ಇವಿಎ ಫೋಮ್ (ಮಕ್ಕಳ ಆಟದ ಮ್ಯಾಟ್‌ಗೆ ಬಳಸುವಂಥ ಮೆತ್ತನೆಯ ಹಾಳೆ) ಚೆನ್ನಾಗಿರುತ್ತದೆ. ಹಗುರ, ಬಿಸಿ ಗಾಳಿ ತಾಗಿಸಿದರೆ ಬಾಗುತ್ತದೆ. ಕಾಂಟ್ಯಾಕ್ಟ್ ಅಂಟನ್ನು ಎರಡೂ ಅಂಚಿಗೆ ಹಚ್ಚಿ, ಸ್ವಲ್ಪ ಒಣಗಿದ ಮೇಲೆ ಜೋಡಿಸಿ. ಇಲ್ಲಿ ಆತುರಪಟ್ಟರೆ ಜೋಡಣೆ ಬಿಟ್ಟುಕೊಳ್ಳುತ್ತದೆ. ಅಂಟಿನ ವಾಸನೆ ಒಳ್ಳೆಯದಲ್ಲ, ಕಿಟಕಿ ತೆರೆದಿಡಿ.

ಜಾಸ್ತಿ ಜನ ಮರೆಯುವುದು ಗಾಳಿಯನ್ನು. ಹತ್ತೇ ನಿಮಿಷಕ್ಕೆ ಒಳಗೆ ಸೆಕೆ ಶುರುವಾಗುತ್ತದೆ, ಉಸಿರಿಗೆ ಕಣ್ಣಿನ ಗಾಜು ಮಂಜಾಗುತ್ತದೆ. ಬಿಸಿ ಗಾಳಿ ಮೇಲೇರುವುದರಿಂದ ನೆತ್ತಿಯ ಹತ್ತಿರ ತೂತು ಬೇಕು, ಗದ್ದದ ಕೆಳಗೂ ಬೇಕು. ರೋಬೋ ಅಂದಮೇಲೆ ತೂತುಗಳನ್ನು ಜಾಲರಿಯಂತೆ ತೋರಿಸುವುದು ಸುಲಭ. 5 ವೋಲ್ಟ್‌ನ ಪುಟ್ಟ ಫ್ಯಾನ್ ಕೂರಿಸಿ, ಪವರ್ ಬ್ಯಾಂಕನ್ನು ಜೇಬಿನಲ್ಲಿಡಿ. ತಲೆಯ ಮೇಲೆ ಬ್ಯಾಟರಿ ಭಾರ ಬೇಡ.

ಎಲ್‌ಇಡಿ ಹಾಕುವಾಗ ಬೆಳಕು ನಿಮ್ಮ ಕಣ್ಣಿಗೆ ಹೊಡೆಯದಂತೆ ಒಳಗಡೆ ಕಪ್ಪು ಫೋಮ್‌ನ ತಡೆ ಕೊಡಿ. ಇಲ್ಲದಿದ್ದರೆ ಹೊರಗಿನದು ಏನೂ ಕಾಣುವುದಿಲ್ಲ. ಮಕ್ಕಳಿಗೆ ಮಾಡುವುದಾದರೆ ಕಣ್ಣಿನ ಕಿಂಡಿ ಇನ್ನೂ ದೊಡ್ಡದಿರಲಿ, ಮೆಟ್ಟಿಲು ಇಳಿಯುವಾಗ ಕೈ ಹಿಡಿದುಕೊಳ್ಳಿ.